ಒಳಲೆಯ ತಳದ ಹಾಲು

ಆಷಾಢ ಕಳೆದ ಮೊದಲ ವಾರದಲ್ಲೇ ತುಂಗಮ್ಮ ಐದು ತಿಂಗಳ ಹೆಣ್ಣುಕೂಸು ಯಮುನೆಯನ್ನು ಎತ್ತಿಕೊಂಡು ಸೊರಬದ ಕಡೆಯ ಉಳವಿಯ ತವರಿನಿಂದ ಉಡುತಡಿಯ ಗಂಡನ ಮನೆಗೆ ಬಂದಳು. ಬಂದವಳು ಕಾಲು ತೊಳೆದು ಒಳಗೆ ಕೂತು ಇನ್ನೂ ಒಂದು ಲೋಟ ನೀರು ಕುಡಿದಿರಲಿಲ್ಲ, ಅಷ್ಟರಲ್ಲೇ ಅತ್ತೆ ಮಾಸ್ತಮ್ಮನ ಪಿತ್ತ ನೆತ್ತಿಗೇರಿತು. ಅದಕ್ಕೆ ಕಾರಣ ಗಂಟಿನೊಳಗಿಂದ ಹೊರಬಂದ ಒಂದು ಬೆಳ್ಳಿ ಒಳಲೆ.

"ಇದೇನೇ ಇದು?"

"ಕೂಸಿಗೆ ಹಾಲು ಕುಡ್ಸೋಕೆ ಅತ್ತೆ. ನಮ್ಮವ್ವ ಕೊಟ್ಟಿದ್ದು. ತನ್ನ ಕಾಲುಕಡಗ ಕರಗ್ಸಿ ಮಾಡ್ಸಿದ್ಳು."

"ಕಾಲಿಗೆ ಹಾಕ್ಕೊಂಡಿದ್ದನ್ನ ಕೂಸಿನ ಬಾಯಿಗೆ? ನಮ್ಮ ಮನ್ಯಾಗೆ ಒಂದು ಒಳಲೆ ಇಲ್ಲಂತ ಹೇಳಿ ಕಳಿಸಿದ್ವೇನು ನಾವು?"

"ಹಂಗಲ್ಲ ಅತ್ತೆ, ಚೊಚ್ಚಲ ಕೂಸಿಗೆ ತಾಯಿಮನೆಯಿಂದ..."

"ಗೊತ್ತೈತೆ ಬಿಡು. ನಿಮ್ಮ ಸೊರಬದ ಕಡೆ ದೊಡ್ಡಸ್ತಿಕೆ ನಮಗೂ ಗೊತ್ತೈತೆ."

ಮಾಸ್ತಮ್ಮ ಬೆಳ್ಳಿ ಒಳಲೆಯನ್ನು ಸೆರಗಿನಿಂದ ಒರೆಸಿದಳು, ಬೆಳಕಿಗೆ ಹಿಡಿದು ನೋಡಿದಳು, ತೂಕವನ್ನೂ ಅಂದಾಜು ಮಾಡಿದಳು. ಆಮೇಲೆ ನಡುಮನೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ದೊಡ್ಡವಳಾದ ಮೇಲೆ ಯಮುನೆಗೆ ಇದರಲ್ಲಿ ಕುಂಕುಮ ಇಟ್ಟುಕೊಳ್ಳಲು ಬರುತ್ತದೆ ಎಂದು ತೀರ್ಪು ಕೊಟ್ಟಳು. ಯಮುನೆಗೆ ಆಗ ಬೋರಲು ಬೀಳುವುದೇ ದೊಡ್ಡ ಸಾಹಸವಾಗಿತ್ತು.

ಆ ಮನೆಯಲ್ಲಿ ಒಂದು ಹಿತ್ತಾಳೆ ಒಳಲೆ ಇತ್ತು. ಮಾಸ್ತಮ್ಮನ ಅತ್ತೆ ಹೂವಮ್ಮ ತನ್ನ ಕಾಲದಲ್ಲಿ ತಂದದ್ದು. ಅಂಗೈಯಲ್ಲಿ ಕೂರುವಷ್ಟು ಬಟ್ಟಲು, ಅದಕ್ಕೆ ಕಿರುಬೆರಳುದ್ದದ ಕೊಳವೆ ಮೂತಿ. ಹೂವಮ್ಮ ಸತ್ತು ಹದಿನಾರು ವರ್ಷವಾಗಿದ್ದರೂ ಅವಳ ಕಟ್ಟಳೆಗಳು ಗಟ್ಟಿಮುಟ್ಟಾಗಿ ಬದುಕಿದ್ದವು. ಕೂಸಿರುವ ಮನೆಯಲ್ಲಿ ಒಳಲೆ ಬರಿದಾಗಬಾರದು. ಕುಡಿಸಿದ ಮೇಲೆ ತಳದಲ್ಲಿ ಒಂದು ಗುಟುಕು ಹಾಲು ಬಿಟ್ಟು ಮುಚ್ಚಿಡಬೇಕು. ಮುಂದಿನ ಸಲದ ಹಾಲನ್ನು ಅದರ ಮೇಲೇ ಹೊಯ್ಯಬೇಕು. ಬೋರಲು ಹಾಕಬಾರದು. ಕೂಸಿನ ಬಟ್ಟಲನ್ನು ಬೆಂಕಿಗೆ ಹಿಡಿಯಬಾರದು, ಅದರಿಂದಾಗಿ ಕೆಂಡದ ಮೇಲೆ ಕಾಯಿಸಿ ತವರ ಬಳಿಯುವ ಕಲಾಯಿಯವನ ಕೈಗೂ ಕೊಡಬಾರದು. ದಿನಕ್ಕೊಂದು ಸಲ ಬೆಳಿಗ್ಗೆ ಹಳೆಯ ಹಾಲನ್ನು ತುಳಸಿಗಿಡಕ್ಕೆ ಚೆಲ್ಲಿ, ನೀರಾಡಿಸಿ, ಕೂಡಲೇ ಹೊಸ ಹಾಲು ಹೊಯ್ದರಾಯಿತು. ಹೊರಮೈಯನ್ನು ಮಾತ್ರ ಮಾಸ್ತಮ್ಮ ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಇಡುತ್ತಿದ್ದಳು. ಅದು ಫಳಫಳ ಹೊಳೆಯುತ್ತಿತ್ತು.

ತುಂಗಮ್ಮನಿಗೆ ತವರಿನಲ್ಲಿ ಹದಿನೈದು ದಿನ ಜ್ವರ ಬಂದು ಎದೆಹಾಲು ಕಡಿಮೆಯಾಗಿತ್ತು. ಅದರ ಮೇಲೆ ಅವಳು ಬಂದ ಮೂರನೆಯ ದಿನವೇ ಗದ್ದೆಯಲ್ಲಿ ನಾಟಿ ಶುರುವಾಯಿತು. ಬೆಳಿಗ್ಗೆ ಕೂಸಿಗೆ ಒಂದಿಷ್ಟು ಎದೆಹಾಲು ಕೊಟ್ಟು, ಮಾವ ಕಲ್ಲಪ್ಪನ ಹಿಂದೆ ರೊಟ್ಟಿಬುತ್ತಿ ಹೊತ್ತು ಹೋದರೆ ಅವಳು ಮತ್ತೆ ಮನೆಗೆ ಬರುವುದು ಹೊತ್ತು ಇಳಿದ ಮೇಲೆ. ಅಲ್ಲಿಯವರೆಗೆ ಕೂಸು ಅಜ್ಜಿಯ ಕಾಲ ಮೇಲೆ. ಹಸುವಿನ ಹಾಲನ್ನು ಅರ್ಧಕ್ಕರ್ಧ ನೀರು ಬೆರೆಸಿ ಕಾಯಿಸಿ, ಒಳಲೆಗೆ ಹೊಯ್ದು, ಕಾಲು ನೀಡಿ ಕೂತು ಮಾಸ್ತಮ್ಮ ಕುಡಿಸುವಳು. ಮೊಮ್ಮಗಳ ಮೇಲೆ ಅವಳಿಗೆ ಜೀವ. ಅದರಲ್ಲಿ ಯಾರೂ ತಪ್ಪು ಹೇಳುವ ಹಾಗಿರಲಿಲ್ಲ.

ಮೊದಲ ಜಗಳ ಆದದ್ದು ಒಂದು ಸಂಜೆ. ಗದ್ದೆಯಿಂದ ಬಂದ ತುಂಗಮ್ಮ ಪಾತ್ರೆ ತೊಳೆಯುತ್ತ ಒಳಲೆಯನ್ನೂ ತೊಳೆದು, ನೀರು ಇಳಿಯಲೆಂದು ಕಲ್ಲಿನ ಮೇಲೆ ಬೋರಲು ಹಾಕಿದ್ದಳು. ಮಾಸ್ತಮ್ಮ ಅದನ್ನು ಕಂಡು ಹಿತ್ತಲೇ ಹಾರಿಹೋಗುವಂತೆ ಕೂಗಿದಳು.

"ಯಾರೇ ಇದನ್ನ ಬೋರಲು ಹಾಕಿದ್ದು? ಮನ್ಯಾಗೆ ಕೂಸು ಐತೆ ಅನ್ನೋ ಜ್ಞಾನ ಇಲ್ವಾ ನಿಂಗೆ?"

"ಹುಳಿ ವಾಸ್ನೆ ಬಡೀತಿತ್ತು ಅತ್ತೆ. ಅದ್ಕೇ ತೊಳೆದೆ."

"ಹುಳಿ ಹೊಡೆದಿದ್ದು ನಿನ್ನ ತಲೆ! ಒಳಲೆ ಬರಿದಾದ್ರೆ ಕೂಸಿನ ಪಾಲು ಬರಿದಾದಂಗೆ. ನಮ್ಮತ್ತೆ ನಂಗೆ ಇದೊಂದು ಮಾತಿಗೆ ಕೆನ್ನೆಗೆ ಹೊಡೆದಿದ್ಳು. ನಾನು ನಿಂಗೆ ಹೊಡೀಲಿಲ್ಲ, ಅದನ್ನ ನೆನಪಿಟ್ಕೋ."

"ತೊಳೆದ್ರೆ ಪಾಲು ಹೋಗ್ತದ? ಎಂತ ಮಾತು ಇದು?"

"ತಿರುಗಿ ಮಾತಾಡಬ್ಯಾಡ!"

ಕಲ್ಲಪ್ಪ ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದವನು ಎಲೆ ಮಡಚಿ ಬಾಯಿಗಿಟ್ಟುಕೊಂಡ. ಮನೆಯಲ್ಲಿ ಹೆಂಗಸರ ಮಾತು ಜೋರಾದಾಗ ಬಾಯಿ ತುಂಬ ಎಲೆ ಹಾಕಿಕೊಳ್ಳುವುದು ಅವನು ಚಿಕ್ಕಂದಿನಿಂದ ಕಲಿತ ಉಪಾಯ.

ಮುಂದಿನ ವಾರ ಕೂಸು ಕುಡಿದದ್ದನ್ನು ಕಕ್ಕತೊಡಗಿತು. ಒಂದೆರಡು ದಿನ ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿದರು. ಮೂರನೆಯ ದಿನ ಬಜೆ ತೇಯ್ದು ನೆಕ್ಕಿಸಿದರು. ಒಳಲೆಯ ಮೂತಿ ಕಂಡರೆ ಸಾಕು, ಕೂಸು ಮುಖ ತಿರುಗಿಸಿ ಕಿರುಚುತ್ತಿತ್ತು. ಮಾಸ್ತಮ್ಮ ಮೂಗು ಒತ್ತಿ ಹಿಡಿದು ಕುಡಿಸಿದಳು. ಅರ್ಧ ಗಳಿಗೆಯಲ್ಲಿ ಅದು ಅಷ್ಟನ್ನೂ ಅವಳ ಸೀರೆಯ ಮೇಲೆ ಕಕ್ಕಿತು.

"ನಿನ್ನ ಎದೆಹಾಲು ಕೆಟ್ಟೈತೆ," ಎಂದಳು ಮಾಸ್ತಮ್ಮ ಅಂದು ಸಂಜೆ ಸೊಸೆಗೆ. "ಜ್ವರದ ಹಾಲು ವಿಷ. ಅದೇ ಕೂಸಿನ ಹೊಟ್ಟ್ಯಾಗೆ ಕೂತು ಇದನ್ನೂ ಕಕ್ಕಿಸ್ತೈತೆ. ನಾಳೆಯಿಂದ ನೀನು ಕೊಡಬ್ಯಾಡ."

ತುಂಗಮ್ಮ ಬಿಸಿರೊಟ್ಟಿಯನ್ನು ಹೆಂಚಿನ ಮೇಲೆಯೇ ಬಿಟ್ಟು ಎದ್ದು ನಿಂತಳು. ಅವಳ ಮುಖ ಕೆಂಪಗಾಗಿತ್ತು.

"ನನ್ನ ಹಾಲು ಕುಡಿದಾಗ ಅದು ಒಂದಿನನೂ ಕಕ್ಕಿಲ್ಲ. ರಾತ್ರಿಯೆಲ್ಲ ಕುಡೀತದೆ, ನಿದ್ದೆ ಮಾಡ್ತದೆ. ಕಕ್ಕೋದು ಹಗಲು, ನಿಮ್ಮ ಕೈಲಿ ಕುಡಿದಾಗ."

"ಅಂದ್ರೆ ನಾನು ವಿಷ ಹಾಕ್ತೀನಾ?"

"ನಾನು ಹಂಗೆ ಅಂದ್ನಾ?"

"ಅಂದಂಗಾತಲ್ಲ!"

ರೊಟ್ಟಿ ಸೀದು ಹೊಗೆ ಎದ್ದಿತು. ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ.

ಮಗ ಜಯಪ್ಪ ಶಿರಾಳಕೊಪ್ಪದ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ದಿನಾ ಸೈಕಲ್ಲಿನಲ್ಲಿ ಹೋಗಿ ಬರುವವನು. ಶಾಲೆಯಲ್ಲಿ ನಲವತ್ತು ಹುಡುಗರನ್ನು ಒಂದು ಬೆತ್ತದಲ್ಲಿ ಕೂರಿಸುತ್ತಿದ್ದ. ಮನೆಯಲ್ಲಿ ತಾಯಿ ಹೆಂಡತಿಯರ ನಡುವೆ ಸಿಕ್ಕಿದರೆ ಅವನ ನಾಲಿಗೆ ಏಳುತ್ತಿರಲಿಲ್ಲ. ಬೀಗ ತೆಗೆಯಲು ತಾಯಿಗೆ ಹೇಳೆಂದು ತುಂಗಮ್ಮ ಮೂರು ದಿನ ಅವನಿಗೆ ಹೇಳಿದಳು. ಅವನು ಅದನ್ನು ಬಿಟ್ಟು ತನಗೆ ಸುಲಭವಾದದ್ದನ್ನು ಮಾಡಿದ. ಪೇಟೆಯ ಔಷಧಿ ಅಂಗಡಿಯಿಂದ ಒಂದು ಗಾಜಿನ ಹಾಲಿನ ಸೀಸೆ, ಅದಕ್ಕೊಂದು ರಬ್ಬರಿನ ತೊಟ್ಟು ಕೊಂಡು ತಂದ.

"ಅದೂ ಬ್ಯಾಡ, ಇದೂ ಬ್ಯಾಡ. ಈಗ ಪಟ್ಟಣದಾಗೆಲ್ಲ ಇದ್ರಲ್ಲೇ ಕುಡಿಸೋದು," ಎಂದು ಇಬ್ಬರ ನಡುವೆ ಇಟ್ಟ. ಇಬ್ಬರೂ ಅದನ್ನು ಮುಟ್ಟಲಿಲ್ಲ.

ಮಾರನೆಯ ದಿನ ಮಾಸ್ತಮ್ಮ ಮಗನ ಮುಖ ನೋಡಿ ಸೀಸೆಯನ್ನು ತೊಳೆಯಹೋದಳು. ತೊಳೆಯುವುದೆಂದರೆ ಚೆನ್ನಾಗಿ ತೊಳೆಯಬೇಕಲ್ಲ, ಹಂಡೆಯಲ್ಲಿ ಕುದಿಯುತ್ತಿದ್ದ ನೀರನ್ನು ನೇರ ಅದರೊಳಗೆ ಹೊಯ್ದಳು. ಸೀಸೆ ಚಟ್ಟೆಂದು ಎರಡು ಹೋಳಾಯಿತು. ಅವಳ ಅಂಗೈ ಕೊಯ್ದು ರಕ್ತ ಬಂತು. ಸಂಜೆ ಬಂದ ಜಯಪ್ಪ ಅಂಗೈ ನೋಡಲಿಲ್ಲ, ಚೂರುಗಳನ್ನು ನೋಡಿದ.

"ಬೇಕಂತಲೇ ಒಡೆದ್ಯಾ ಅವ್ವ?"

ಮಾಸ್ತಮ್ಮನಿಗೆ ಆ ಮಾತು ಅಂಗೈಗಿಂತ ಹೆಚ್ಚು ಉರಿಯಿತು. ಸುಳ್ಳು ಹೇಳುವುದು, ಬೇಕೆಂದು ಒಡೆಯುವುದು ಅವಳ ಜಾಯಮಾನವಲ್ಲ. ಮಾಡುವುದಿದ್ದರೆ ಎದುರಿಗೇ ಮಾಡುವವಳು. "ಹೌದಪ್ಪ, ಒಡೆದೆ! ನಿನ್ನ ಹೆಂಡ್ತಿ ಹೇಳಿದ್ಳಾ? ಹಂಗಾದ್ರೆ ಹೌದು!" ಎಂದು ಕೂಗಿ ಅರಿಶಿನ ಮೆತ್ತಿಕೊಂಡು ಒಲೆಯ ಮುಂದೆ ಕೂತಳು. ಒಬ್ಬರಾದರೂ ಕೈ ಹಿಡಿದು ನೋಡಲಿಲ್ಲ ಎಂಬ ಸಿಟ್ಟು ಅವಳಿಗೆ ವಾರವಾದರೂ ಇಳಿಯಲಿಲ್ಲ.

ಭಾದ್ರಪದ ಹುಟ್ಟುವ ಹೊತ್ತಿಗೆ ಕೂಸಿನ ಕೆನ್ನೆ ಇಳಿದುಹೋಗಿತ್ತು. ಒಂದು ಬೆಳಿಗ್ಗೆ ಅದು ಕಕ್ಕಿ ಕಕ್ಕಿ ಕಣ್ಣು ಮೇಲೆ ಮಾಡಿತು. ತುಂಗಮ್ಮ ಬುತ್ತಿ ಬುಟ್ಟಿಯನ್ನು ಅಂಗಳದಲ್ಲೇ ಕುಕ್ಕಿ, ಕೂಸನ್ನು ಕಸಿದುಕೊಂಡು, ಗಂಡನ ಸೈಕಲ್ಲಿನ ಹಿಂದೆ ಕೂತು ಶಿರಾಳಕೊಪ್ಪದ ಆಸ್ಪತ್ರೆಗೆ ಹೋದಳು. ಮಧ್ಯಾಹ್ನ ಮೂವರೂ ತಿರುಗಿ ಬಂದರು. ಕೂಸು ನಿದ್ದೆ ಹೋಗಿತ್ತು.

"ನರ್ಸಮ್ಮ ಏನಂದ್ಳು?" ಎಂದು ಕೇಳಿದ ಕಲ್ಲಪ್ಪ.

"ಯಾವುದ್ರಲ್ಲಿ ಹಾಲು ಕುಡಿಸ್ತೀರಿ ಅಂತ ಮೊದ್ಲು ಕೇಳಿದ್ರು," ಎಂದ ಜಯಪ್ಪ. "ಹೇಳಿದ್ವಿ. ಕಲಾಯಿ ಇಲ್ಲದ ಹಿತ್ತಾಳೇದು ಇವತ್ತಿಂದಲೇ ಬಿಡಿ ಅಂದ್ರು. ಯಾವ ಬಟ್ಟಲಾದ್ರೂ ಸರಿ, ಪ್ರತಿ ಸಲ ತೊಳೆದು ಕುದಿಸಿ, ಒಂದು ಹನಿ ಹಾಲೂ ಉಳಿಸಬ್ಯಾಡಿ ಅಂದ್ರು. ತಾಯಿ ಹಾಲು ನಿಲ್ಲಿಸಬ್ಯಾಡಿ ಅಂತನೂ ಹೇಳಿದ್ರು."

"ಅವ್ಳು ಎಷ್ಟು ಹೆತ್ತಾಳೆ?" ಎಂದಳು ಮಾಸ್ತಮ್ಮ.

"ಅತ್ತೆ," ಎಂದಳು ತುಂಗಮ್ಮ. ಅವಳು ಕೂಗಲಿಲ್ಲ. "ಕೀಲಿ ಕೊಡಿ. ಇಲ್ಲಾಂದ್ರೆ ನಾಳೆ ಬಸ್ಸಿಗೆ ನಾನು ಕೂಸು ಕಟ್ಕೊಂಡು ಉಳವಿಗೆ ಹೋಗ್ತೆ. ಆ ಒಳಲೆ ಇನ್ನೊಂದ್ಸಲ ನನ್ನ ಕೂಸಿನ ತುಟಿಗೆ ಮುಟ್ಟಿದ್ರೆ ನಾನು ಈ ಹೊಸ್ತಿಲು ತುಳಿಯೋದಿಲ್ಲ."

"ಓಹೋ! ಹೆದರಿಸ್ತೀಯಾ? ಈ ಮನೆ ಎರಡು ತಲೆಮಾರು ಇದ್ರಾಗೇ ಕುಡಿದು ಬೆಳೆದೈತೆ. ಇಗೋ ನಿನ್ನ ಮಾವ, ಇದ್ರಾಗೇ ಕುಡಿದು ಕಲ್ಲಿನಂಗೆ ಕೂತಾನೆ. ನಿನ್ನ ಗಂಡನ್ನ ನೋಡು, ಇದ್ರಾಗೇ ಕುಡಿದು ಮೇಷ್ಟ್ರಾಗ್ಯಾನೆ!"

ಕಲ್ಲಪ್ಪ ಎದ್ದು ಅಂಗಳಕ್ಕೆ ಹೋಗಿ ಬಾಯಿಯ ಎಲೆ ಉಗಿದು ಬಂದ. ಆಮೇಲೆ, "ಜಯಪ್ಪ ಇದ್ರಾಗೆ ಕುಡೀಲಿಲ್ಲ," ಎಂದ.

"ಏನಂದ್ರಿ?"

"ಅವನ ಬಾಣಂತನಕ್ಕೆ ಹೋದಾಕಿ ನೀನು ಅವ್ವನ ಮ್ಯಾಲಿನ ಸಿಟ್ಟಿಗೆ ತವರಲ್ಲೇ ಕೂತೆ. ಒಂದೂವರೆ ವರ್ಷ. ನಾನು ಬಂದು ಕರೆದಾಗ ಅವನು ರೊಟ್ಟಿ ಕಡೀತಿದ್ದ. ಮರೆತ್ಯಾ?"

ಮಾಸ್ತಮ್ಮನಿಗೆ ಮರೆತಿರಲಿಲ್ಲ. ಆದರೆ ಅತ್ತೆಯ ಒಳಲೆಯನ್ನು ಊರೆಲ್ಲ ಹೊಗಳಿ ಹೊಗಳಿ, ಮಗನನ್ನೂ ಆ ಲೆಕ್ಕಕ್ಕೆ ಸೇರಿಸಿ ಹೇಳುವುದು ರೂಢಿಯಾಗಿ, ತಾನೇ ಅದನ್ನು ನಂಬಿಬಿಟ್ಟಿದ್ದಳು. ಮೂವತ್ತು ವರ್ಷದಲ್ಲಿ ಒಂದು ಸಲವೂ ಎದುರು ಮಾತಾಡದ ಗಂಡ ಈಗ, ಸೊಸೆಯ ಮುಂದೆ, ಬಾಯಿ ಬಿಟ್ಟಿದ್ದ. ಅವಳ ಮೈ ಬೆಂಕಿಯಾಯಿತು.

"ಆಯ್ತು. ಎಲ್ಲಾರೂ ಒಂದಾದ್ರಿ. ಕಲಾಯಿ ಇಲ್ಲ ಅನ್ನೋದು ತಾನೇ ನಿಮ್ಮ ತಕರಾರು? ನಾಳೆ ಸಂತೆಗೆ ಒಯ್ದು ಕಲಾಯಿ ಹಾಕಿಸಿ ತರ್ತೀನಿ. ಆಮ್ಯಾಕೆ ಯಾರಾದ್ರೂ ಬಾಯಿ ಬಿಡ್ರಿ, ನೋಡ್ತೀನಿ!"

ಬೆಂಕಿಗೆ ಹಿಡಿಯಬಾರದೆಂಬ ಅತ್ತೆಯ ಕಟ್ಟಳೆಯನ್ನು ಅವಳು ಮುರಿಯಹೊರಟದ್ದು ಅದೇ ಮೊದಲು. ಅದೂ ಅತ್ತೆಯ ಮಾನ ಉಳಿಸುವುದಕ್ಕೆ.

ಶಿರಾಳಕೊಪ್ಪದ ಸಂತೆಯ ಮೂಲೆಯಲ್ಲಿ, ಹುಣಸೆಮರದ ಕೆಳಗೆ ಕಲಾಯಿ ಸಾಬರು ನೆಲದಲ್ಲಿ ಕುಳಿ ತೋಡಿ, ತಿದಿ ಊದಿ ಕೆಂಡ ಮಾಡಿಕೊಂಡು ಕೂತಿದ್ದರು. ಮಾಸ್ತಮ್ಮನ ಮನೆಯ ಪಾತ್ರೆಗಳೆಲ್ಲ ಅವರಿಗೆ ಪರಿಚಯ. ಒಳಲೆಯನ್ನು ಮಾತ್ರ ಅವರು ಹಿಂದೆಂದೂ ಕಂಡಿರಲಿಲ್ಲ. ತಿರುಗಿಸಿ ನೋಡಿದರು. ಒಳಗೆ ಬೆರಳಾಡಿಸಿದರು. ಆಮೇಲೆ ಒಂದು ತಂತಿಯ ತುದಿಗೆ ಅರಿವೆ ಸುತ್ತಿ ಮೂತಿಯೊಳಗೆ ತುರುಕಿ ಎಳೆದರು.

ಅರಿವೆಗೆ ಹಸಿರು ಮೆತ್ತಿಕೊಂಡು ಬಂತು. ಇನ್ನೊಂದು ಸಲ ತುರುಕಿದರು. ಈ ಸಲ ಹಸಿರು ಹಸಿರಾದ ಮೊಸರಿನ ಹೆಪ್ಪಿನಂಥದು ಉಂಡೆಯಾಗಿ ಕೆಳಗೆ ಬಿತ್ತು. ಅದರ ನಾತಕ್ಕೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಮುಚ್ಚಿಕೊಂಡಳು.

"ಅಮ್ಮ, ಇದ್ರಲ್ಲಿ ಏನ್ ಕುಡಿಸ್ತೀರಿ?"

"ಹಾಲು."

"ಯಾರಿಗೆ?"

"ಕೂಸಿಗೆ. ಇನ್ನ್ಯಾರಿಗೆ?"

"ಕಲಾಯಿ ಮಾಡಿಸಿ ಎಷ್ಟು ವರ್ಷ ಆಯ್ತು?"

"ಅದಕ್ಕೆ ಮಾಡಿಸೋ ಪದ್ಧತಿ ಇಲ್ಲ."

ಸಾಬರು ತಿದಿ ಒತ್ತುವುದನ್ನು ನಿಲ್ಲಿಸಿದರು. "ಏನಮ್ಮ, ನಿಮ್ಮ ಸಾರಿನ ತಪ್ಪಲೆಗೆ ವರ್ಷಕ್ಕೊಂದು ಸಲ ತಪ್ಪದೆ ನನ್ನ ಹತ್ರ ಕಲಾಯಿ ಹಾಕಿಸ್ತೀರಿ. ಹುಳಿ ಕೆಡ್ತದೆ ಅಂತ. ಕೂಸಿನ ಬಟ್ಟಲಿಗೆ ಇಲ್ವಾ? ಇದು ಕಿಲುಬು ಅಮ್ಮ. ವಿಷ ಇದು. ಹೊಸದರಲ್ಲಿ ಕಲಾಯಿ ಇದ್ದಿರ್ತದೆ, ಕುಡಿದವರು ಬಚಾವಾಗಿರ್ತಾರೆ. ಅದು ಹೋಗಿ ಜಮಾನ ಆಗಿದೆ."

"ನೀನು ನಂಗೆ ಬುದ್ಧಿ ಹೇಳಬ್ಯಾಡ. ಕಲಾಯಿ ಹಾಕು."

"ಹಾಕೋದಿಲ್ಲ. ಮೂತಿ ಒಳಗೆ ತವರ ಹಿಡಿಯೋದಿಲ್ಲ. ನೀವು ಎಷ್ಟು ಕೊಟ್ರೂ ನಾನು ಇದಕ್ಕೆ ಕೈ ಹಚ್ಚೋದಿಲ್ಲ. ನಂಗೂ ಮೊಮ್ಮಕ್ಕಳಿದಾರೆ."

ಸಂತೆಯ ಜನ ತಿರುಗಿ ನೋಡುತ್ತಿದ್ದರು. ಮಾಸ್ತಮ್ಮ ಒಳಲೆಯನ್ನು ಕಿತ್ತುಕೊಂಡು, ಅವರಿಗೂ ಅವರ ತಿದಿಗೂ ಬಾಯಿಗೆ ಬಂದದ್ದನ್ನು ಬೈದು, ಸೊಪ್ಪು ಮೆಣಸಿನಕಾಯಿ ಒಂದನ್ನೂ ಕೊಳ್ಳದೆ ಊರಿನ ದಾರಿ ಹಿಡಿದಳು.

ದಾರಿಯಲ್ಲಿ ಅರ್ಧದವರೆಗೆ ಸಾಬರನ್ನು ಬೈದಳು. ಆಮೇಲೆ ನರ್ಸನ್ನು, ಸೊಸೆಯನ್ನು, ಸೊಸೆಯ ತಾಯಿಯ ಕಾಲುಕಡಗವನ್ನು. ಬೈಯಲು ಇನ್ನು ಯಾರೂ ಉಳಿಯದಾದಾಗ ಗಂಡ ಹೇಳಿದ ಮಾತು ನೆನಪಾಯಿತು. ಜಯಪ್ಪ ಇದರಲ್ಲಿ ಕುಡಿಯಲಿಲ್ಲ.

ಜಯಪ್ಪನಿಗಿಂತ ಮೊದಲು ಅವಳಿಗೆ ಎರಡು ಹುಟ್ಟಿದ್ದವು. ಪುಟ್ಟಪ್ಪ ಏಳು ತಿಂಗಳಿಗೆ ಹೋಯಿತು. ನಿಂಗಿ ಎಂಟು ತಿಂಗಳಿಗೆ. ಎರಡೂ ಕುಡಿದದ್ದನ್ನು ಕಕ್ಕಿ, ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ಹೋದವು. "ನಿನ್ನ ಎದೆಹಾಲು ವಿಷ" ಎಂದಿದ್ದಳು ಹೂವಮ್ಮ. ಎದೆಗೆ ಬಟ್ಟೆ ಬಿಗಿಸಿ ಕಟ್ಟಿಸಿದ್ದಳು. ತುಂಬಿ ಕಲ್ಲಾದ ಎದೆಯ ನೋವಿಗೆ ಹದಿನೆಂಟು ವರ್ಷದ ಮಾಸ್ತಮ್ಮ ಹಿತ್ತಲಲ್ಲಿ ಕೂತು ಅಳುತ್ತಿದ್ದರೆ, ಒಳಗೆ ಅತ್ತೆ ಈ ಒಳಲೆಯಲ್ಲಿ ಕೂಸಿಗೆ ಕುಡಿಸುತ್ತಿದ್ದಳು. ಕುಡಿಸಿ, ತಳದಲ್ಲಿ ಒಂದು ಗುಟುಕು ಉಳಿಸಿ ಮುಚ್ಚಿಡುತ್ತಿದ್ದಳು. ಮೂರನೆಯದಕ್ಕೆ ತವರಿನಲ್ಲಿ ಯಾರೂ ಬಟ್ಟೆ ಬಿಗಿಸಲಿಲ್ಲ, ಅದೇ ವಿಷದ ಹಾಲನ್ನೇ ಕುಡಿದು ಅದು ಬದುಕಿತು. ಅದಾದ ಮೇಲೆ ಅವಳಿಗೆ ಮತ್ತೊಂದು ಹುಟ್ಟಲಿಲ್ಲ. ಊರಿನವರು ಮಕ್ಕಳನ್ನು ತಿಂದವಳು ಎಂದರು. ಅವಳೂ ಮೂವತ್ತು ವರ್ಷ ಹಾಗೆಂದೇ ತಿಳಿದಿದ್ದಳು.

ಮನೆಗೆ ಬಂದಾಗ ಕಲ್ಲಪ್ಪ ಕೊಟ್ಟಿಗೆಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಮಾಸ್ತಮ್ಮ ಅಲ್ಲಿಗೇ ಹೋದಳು.

"ಜಯಪ್ಪ ಕುಡೀಲಿಲ್ಲ ಅಂದ್ರಲ್ಲ. ಕುಡಿದವೆರಡು ಎಲ್ಲಿ ಅದಾವೆ?"

ಕಲ್ಲಪ್ಪನ ಕೈಯ ಹುಲ್ಲು ಹಾಗೇ ಉಳಿಯಿತು.

"ಹೇಳ್ರಿ. ನಿಮಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ. ಒಂದೊಂದ್ಸಲ... ಅನಿಸ್ತಿತ್ತು. ಎದೆಹಾಲು ಕುಡಿದ ಜಯಪ್ಪ ಗುಂಡಕಲ್ಲಿನಂಗೆ ಇದ್ದ. ಹಂಗಾರೆ ಅವಕ್ಕೇನಾತು ಅಂತ."

"ಅನಿಸಿದ್ದನ್ನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಅವ್ವ ಇದ್ಳಲ್ಲ."

"ಅವ್ವ ಸತ್ತು ಹದಿನಾರು ವರ್ಷ ಆತು!" ಮಾಸ್ತಮ್ಮನ ಕೂಗಿಗೆ ಎತ್ತುಗಳು ಬೆದರಿದವು. "ಹದಿನಾರು ವರ್ಷ ನಾನು ಆ ಒಳಲೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ನೋಡ್ಕೊಂಡು ಎಲೆ ಜಗೀತಾ ಕೂತಿದ್ರಿ. ನನ್ನ ಎದೆ ವಿಷ ಅಂತ ಊರೆಲ್ಲ ಅಂದಾಗ್ಲೂ ಜಗೀತಾ ಕೂತಿದ್ರಿ. ಮೊನ್ನೆ ನನ್ನ ಬಾಯಲ್ಲಿ ಅದೇ ಮಾತು ಬಂತು, ಆ ಹುಡುಗಿಗೆ ಅದನ್ನೇ ಅಂದೆ. ಆಗ್ಲೂ ಸುಮ್ನೆ ಕೂತ್ರಿ!"

ಅವಳು ಗೊಬ್ಬರದ ಗುಂಡಿಗೆ ಹೋಗಿ ಒಳಲೆಯನ್ನು ಎಸೆದು ಬಂದಳು. ಒಳಗೆ ತುಂಗಮ್ಮ ಗಂಟು ಕಟ್ಟುತ್ತಿದ್ದಳು. ಮಾಸ್ತಮ್ಮ ಸೊಂಟದ ಕೀಲಿ ತೆಗೆದು ಆ ಗಂಟಿನ ಮೇಲೆ ಹಾಕಿದಳು.

"ಬೆಳ್ಳೀದು ತೆಗೆದು ಕುದಿಸು. ನಿನ್ನ ಹಾಲಿಗೆ ಏನೂ ಆಗಿಲ್ಲ. ಗದ್ದೆಗೆ ನಾಳೆಯಿಂದ ನಾನು ಹೋಗ್ತೀನಿ. ನೀನು ಮನ್ಯಾಗಿದ್ದು ಕೂಸಿಗೆ ಕುಡಿಸು."

ತುಂಗಮ್ಮ ಗಂಟಿನಿಂದ ಕೈ ತೆಗೆಯದೆ, "ಅತ್ತೆ, ನೀವು ನಂಗೆ ಅಂದ ಮಾತು ನಾನು ಮರೆಯೋದಿಲ್ಲ," ಎಂದಳು.

"ಮರೀಬ್ಯಾಡ," ಎಂದಳು ಮಾಸ್ತಮ್ಮ. "ನಾನು ಮರೆತಿದ್ದೇ ತಪ್ಪಾತು."

ಕೂಸು ಮೂರ್ನಾಲ್ಕು ದಿನದಲ್ಲಿ ಕಕ್ಕುವುದನ್ನು ನಿಲ್ಲಿಸಿತು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಕೆನ್ನೆ ತುಂಬಿಕೊಂಡು, ನೆಲದ ಮೇಲೆ ಹೊಟ್ಟೆ ಎಳೆದುಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಿತ್ತು. ಮಾಸ್ತಮ್ಮ ಮಾತ್ರ ಗಂಡನ ಹತ್ತಿರ ಬೇಕಾದಷ್ಟೇ ಮಾತಾಡಿ, ಅನ್ನದ ತಟ್ಟೆಯನ್ನು ಶಬ್ದ ಬರುವಂತೆ ಇಡುತ್ತಿದ್ದಳು.

ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ. ಅತ್ತೆ ಸೊಸೆ ಸೇರಿ ಹೋಳಿಗೆ, ಕಡುಬು, ಕುಂಬಳಕಾಯಿ ಪಲ್ಯ, ಅನ್ನ ಸಾರು ಮಾಡಿದರು. ಕಲ್ಲಪ್ಪ ಸ್ನಾನ ಮಾಡಿ ನಡುಮನೆಯಲ್ಲಿ ಗೋಡೆಯ ಬದಿಗೆ ಅಪ್ಪನ ಪಂಚೆ, ಅವ್ವನ ಸೀರೆ ಮಡಚಿಟ್ಟು ಎರಡು ಬಾಳೆಲೆ ಹಾಕಿದ. ಪ್ರತಿವರ್ಷ ಬಡಿಸುವವಳು ಮಾಸ್ತಮ್ಮ. ಅವಳು ಮಾವನ ಎಲೆಗೆ ಎಲ್ಲವನ್ನೂ ಒಪ್ಪವಾಗಿ ಬಡಿಸಿದಳು. ಅತ್ತೆಯ ಎಲೆಯನ್ನು ದಾಟಿ ಈಚೆ ಬಂದು, ಅಂಗೈಯಗಲದ ಎರಡು ಎಲೆಗಳನ್ನು ಹಾಕಿ ಅವುಗಳ ಮುಂದೆ ಕೂತಳು.

"ಅವ್ವನ ಎಡೆ?" ಎಂದ ಕಲ್ಲಪ್ಪ.

"ನಿಮ್ಮವ್ವಗೆ ನೀವು ಬಡಿಸ್ರಿ. ನನ್ನ ಮಕ್ಕಳಿಗೆ ನಾನು ಬಡಿಸ್ತೀನಿ."

"ಹಾಲುಗೂಸುಗಳಿಗೆ ಎಡೆ ಇಡೋ ಪದ್ಧತಿ ಇಲ್ಲ ಮಾಸ್ತಿ."

"ಯಾರು ಹೇಳಿದ್ದು?"

ಕಲ್ಲಪ್ಪ ಸೌಟು ತೆಗೆದುಕೊಂಡು, ಅಭ್ಯಾಸವಿಲ್ಲದ ಕೈಯಲ್ಲಿ ತಾಯಿಯ ಎಲೆಗೆ ತಾನೇ ಅನ್ನ ಹಾಕತೊಡಗಿದ. ಜಯಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತನಗಿಂತ ಮೊದಲಿನವೆರಡು ಹೇಗೆ ಹೋದವೆಂಬುದು ಅವನಿಗೆ ತಿಳಿದದ್ದು ಆ ವಾರವೇ. ತುಂಗಮ್ಮ ಕೂಸನ್ನು ಅವನ ಕೈಗೆ ಕೊಟ್ಟು, ಅನ್ನದ ಪಾತ್ರೆ ತಂದು ಸಣ್ಣ ಎಲೆಗಳಿಗೆ ಬಡಿಸಲು ಬಗ್ಗಿದಳು.

ಮಾಸ್ತಮ್ಮ ಅವಳ ಕೈ ಹಿಡಿದಳು.

"ಅನ್ನ ಬ್ಯಾಡ. ಅವಕ್ಕೆ ಇನ್ನೂ ಹಲ್ಲು ಬಂದಿರ್ಲಿಲ್ಲ. ಹಾಲು ತಾ."